ಎಟ್ನಾದ ಕಾಡುದಾರಿ: ಕಾರಿಲ್ಲದ ಗ್ರಾವೆಲ್ ಸವಾರಿ, ಗೊತ್ತಿದ್ದವರು ಹೇಳಿ

ಸಂಜೆಸವಾರ

ಸೆಪ್ಟೆಂಬರ್ ಕೊನೆಗೆ ಕೆಲಸದ ಮೇಲೆ ಇಟಲಿಗೆ ಹೋಗ್ತಿದ್ದೇನೆ. ಅದು ಮುಗಿದ ಮೇಲೆ ಸಿಸಿಲಿಯಲ್ಲಿ ಮೂರು ದಿನ ಸಿಗುತ್ತದೆ. ಎಟ್ನಾ ಜ್ವಾಲಾಮುಖಿಯ ಮೈಮೇಲೆ ಕಾರು, ಬೈಕು ಯಾವುದೂ ಬಿಡದ ಮಣ್ಣಿನ ದಾರಿ ಇದೆಯಂತೆ. ಪಿಸ್ತಾ ಆಲ್ತೊಮೊಂತಾನಾ ಅಂತ ಹೆಸರು. ಅದರಲ್ಲಿ ಗ್ರಾವೆಲ್ ಸೈಕಲ್, ಅಂದರೆ ಮಣ್ಣು, ಜಲ್ಲಿ ದಾರಿಗೂ ಆಗುವ ಅಗಲ ಟೈರಿನ ರೋಡ್ ಸೈಕಲ್, ಹೋಗುತ್ತದಾ? ಪೂರ್ತಿ ಬೆಟ್ಟವನ್ನು ಒಂದು ಸುತ್ತು ಹಾಕಬಹುದಾ? ನನ್ನ ಟೈರಿನ ಅಗಲ 40 ಮಿಲಿಮೀಟರ್. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹಾರ್ನ್ ಕೇಳಿ ಕೇಳಿ ಸಾಕಾಗಿದೆ, ಹಾಗಾಗಿ ನನ್ನ ಷರತ್ತು ಒಂದೇ: ಎಂಜಿನ್ ಸದ್ದು ಇರಬಾರದು.

ಲಾವಾದಾರಿ

ನಾನು ಇಟಲಿಯಲ್ಲಿ ಇರುವವನು. ಆ ದಾರಿ ಚೆನ್ನಾಗಿ ಪರಿಚಯ. ಮೊದಲು ನಿಮ್ಮ ಸುತ್ತಿನ ಪ್ರಶ್ನೆ. ಆಗಲ್ಲ. ಆಲ್ತೊಮೊಂತಾನಾ ಪೂರ್ತಿ ಉಂಗುರ ಅಲ್ಲ, ಅದು ಕುದುರೆಲಾಳ. ದಕ್ಷಿಣದಲ್ಲಿ ನಿಕೊಲೋಸಿ ಊರಿನಿಂದ ರಿಫ್ಯೂಜಿಯೊ ಸಪಿಯೆಂಜಾ ಅನ್ನುವ ಪ್ರವಾಸಿ ತಂಗುದಾಣಕ್ಕೆ ಹತ್ತುವ ಟಾರು ರಸ್ತೆಯ ಪಕ್ಕದಲ್ಲಿ, ಸುಮಾರು 1,700 ಮೀಟರ್ ಎತ್ತರದಲ್ಲಿ ಗೇಟು ಸಿಗುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಹೋಗಿ, ಉತ್ತರಕ್ಕೆ ತಿರುಗಿ, ಲಿಂಗ್ವಾಗ್ಲೊಸ್ಸಾ ಮೇಲಿನ ರಗಾಬೊ ಪೈನ್ ಕಾಡಿನ ಹತ್ತಿರ, 1,400 ಮೀಟರ್ ಆಸುಪಾಸಿನಲ್ಲಿ ಮುಗಿಯುತ್ತದೆ. ಉದ್ದ ಸುಮಾರು 40 ಕಿಮೀ.

ಪೂರ್ವದ ಕಡೆ ದಾರಿ ಯಾಕಿಲ್ಲ ಅಂದರೆ ಅಲ್ಲಿ ಬೆಟ್ಟವೇ ಕುಸಿದಿದೆ. ವಾಲ್ಲೆ ದೆಲ್ ಬೊವೆ ಅನ್ನುವ ದೊಡ್ಡ ತಗ್ಗು. ಮೇಲಿನ ಬಾಯಿಗಳಿಂದ ಬರುವ ಲಾವಾ ಜಾಸ್ತಿ ಸಲ ಅದರೊಳಗೇ ಇಳಿಯುತ್ತದೆ. 1991ರ ಡಿಸೆಂಬರ್‌ನಲ್ಲಿ ಶುರುವಾದ ಸ್ಫೋಟ 473 ದಿನ ನಡೆಯಿತು. ಕೆಳಗಿದ್ದ ಜಾಫೆರಾನಾ ಊರನ್ನು ಉಳಿಸಲಿಕ್ಕೆ 1992ರಲ್ಲಿ ಸಿಡಿಮದ್ದು ಇಟ್ಟು ಲಾವಾದ ದಾರಿಯನ್ನೇ ತಿರುಗಿಸಿದರು. ಅಂಥ ಕಡೆ ಕಾಡುದಾರಿ ಮಾಡಿ ಏನು ಪ್ರಯೋಜನ? ಸುತ್ತು ಮುಗಿಸಲೇಬೇಕು ಅಂದರೆ ಪೂರ್ವದಲ್ಲಿ ಟಾರು ರಸ್ತೆ ಹಿಡಿಯಬೇಕು. ಅಲ್ಲಿ ಕಾರು ಇವೆ, ಭಾನುವಾರವಂತೂ ಮೋಟರ್‌ಬೈಕಿನ ಜಾತ್ರೆ.

ಇನ್ನು ಗೇಟಿನ ವಿಷಯ. ಇದು ಪ್ರವಾಸಿಗರಿಗಾಗಿ ಮಾಡಿದ ಸೈಕಲ್ ದಾರಿ ಅಲ್ಲ. ಅರಣ್ಯ ಇಲಾಖೆಯ ದಾರಿ. ಬೆಂಕಿ ನಂದಿಸುವ ಗಾಡಿ, ಅರಣ್ಯದವರ ಜೀಪು ಓಡಾಡಲಿ ಅಂತ ಇರೋದು. 1987ರಲ್ಲಿ ಎಟ್ನಾ ಪಾರ್ಕ್ ಆಯಿತು, ಈ ದಾರಿ ಅದರೊಳಗೆ ಬರುತ್ತದೆ. ಗಾಡಿಗೆ ಬೀಗ, ಮನುಷ್ಯರಿಗೆ, ಸೈಕಲ್ಲಿಗೆ ಪಕ್ಕದಲ್ಲಿ ಸಂದಿ. ಅಷ್ಟೇ ವ್ಯವಸ್ಥೆ. ನಡೆಯುವವರು, ಕುದುರೆಯವರು, ಕುರಿ ಮಂದೆ ಸಿಗುತ್ತವೆ. ಹಾರ್ನ್ ಸಿಗಲ್ಲ.

ಡೌನ್‌ಟ್ಯೂಬ್

40 ಮಿಲಿಮೀಟರ್ ಸಾಲದು. ಸುಮ್ನೆ ಹೋಗಿ ಪಂಕ್ಚರ್ ತಿದ್ದುತ್ತಾ ಕೂರಬೇಡಿ. ನಿಮ್ಮ ಫೋರ್ಕಿನಲ್ಲಿ ಜಾಗ ಇದ್ದರೆ 45, ಸಾಧ್ಯವಾದರೆ 50 ಹಾಕಿ. ಟ್ಯೂಬ್‌ಲೆಸ್ ಕಡ್ಡಾಯ.

ಅಲ್ಲಿನ ಕಲ್ಲು ನಮ್ಮ ನದಿಯ ಗುಂಡುಕಲ್ಲಲ್ಲ. ಹರಿಯುತ್ತಾ ಹರಿಯುತ್ತಾ ಮೇಲ್ಪದರ ಗಟ್ಟಿಯಾಗಿ ಒಡೆದು, ಒಳಗಿನ ಲಾವಾ ಅದನ್ನು ತಳ್ಳಿಕೊಂಡು ಹೋಗಿ ಆದ ಕಲ್ಲುರಾಶಿ ಅದು, ಒಂದೊಂದು ಕಲ್ಲಿಗೂ ಹಲ್ಲಿರುತ್ತದೆ, ಟೈರಿನ ನೆಲ ಮುಟ್ಟುವ ಭಾಗಕ್ಕೆ ಏನೂ ಆಗಲ್ಲ, ಪಕ್ಕದ ಗೋಡೆಯನ್ನು ಸೀಳಿಬಿಡುತ್ತದೆ. ಪಕ್ಕ ಸೀಳಿದರೆ ಟೈರಿನೊಳಗೆ ಹಾಕುವ, ತೂತು ಮುಚ್ಚುವ ಹಾಲಿನಂಥ ದ್ರವವೂ ಗಾಳಿ ನಿಲ್ಲಿಸಲ್ಲ. ತೂತು ಮುಚ್ಚುವ ರಬ್ಬರ್ ಬತ್ತಿ, ಒಳಗಿಂದ ಇಡಲಿಕ್ಕೆ ಹಳೇ ಟೈರಿನ ತುಂಡು, ಒಂದು ಟ್ಯೂಬು ಇಟ್ಟುಕೊಳ್ಳಿ.

ನನ್ನನ್ನು ಕೇಳಿದರೆ ಇದು ಗ್ರಾವೆಲ್ ದಾರಿಯೇ ಅಲ್ಲ. ಮುಂದೆ ಸಸ್ಪೆನ್ಶನ್ ಇರುವ ಎಂಟಿಬಿ (ಮೌಂಟನ್ ಬೈಕ್) ಬಾಡಿಗೆಗೆ ತಗೊಳ್ಳಿ.

ಲಾವಾದಾರಿ

ಟೈರಿನ ಮಾತು ಒಪ್ಪಿದೆ. ಎಂಟಿಬಿ ಮಾತು ಅರ್ಧ ಒಪ್ಪಿದೆ. ಯಾಕಂದರೆ ಆ 40 ಕಿಮೀ ಒಂದೇ ಥರ ಇಲ್ಲ. ಅದೇ ಆ ದಾರಿಯ ಮಜಾ ಕೂಡ. ಅಲ್ಲಿ ಕಿಲೋಮೀಟರ್ ಲೆಕ್ಕ ಕೆಲಸಕ್ಕೆ ಬರಲ್ಲ, ಇಸವಿ ಲೆಕ್ಕ ಬೇಕು. ನೀವು ಯಾವ ವರ್ಷದ ಲಾವಾ ಮೇಲೆ ಹೋಗ್ತಿದ್ದೀರಿ ಅನ್ನೋದರ ಮೇಲೆ ನೆಲ ನಿಂತಿದೆ.

ದಕ್ಷಿಣದಿಂದ ಹೊರಟರೆ ಶುರುವಿನಲ್ಲಿ ಪೈನ್ ಕಾಡು, ಉದುರಿದ ಸೂಜಿ ಎಲೆ, ಗಟ್ಟಿಯಾಗಿ ಕೂತ ಕಪ್ಪು ಮಣ್ಣು. ಇಲ್ಲಿ ನಿಮ್ಮ 40 ಕೂಡ ಹಾಯಾಗಿ ಓಡುತ್ತದೆ. ಆಮೇಲೆ ಗಾಲ್ವರಿನಾ ಅನ್ನುವ ಕಲ್ಲಿನ ಗುಡಿಸಲಿಗೆ ಹತ್ತುತ್ತೀರಿ, ಹತ್ತಿರ ಹತ್ತಿರ 1,900 ಮೀಟರ್. ಈ ದಾರಿಯ ಎತ್ತರದ ಭಾಗ ಇದೇ. ಅಲ್ಲಿಂದ ಪಶ್ಚಿಮಕ್ಕೆ ಬಯಲು ಲಾವಾ. ಕೆಳಗಡೆ 1974ರಲ್ಲಿ ಹುಟ್ಟಿದ ಮೊಂತಿ ದೆ ಫಿಯೊರೆ ಅನ್ನುವ ಮರಿ ಗುಡ್ಡಗಳು. ಐವತ್ತು ವರ್ಷದ ಗುಡ್ಡ ಅಂದರೆ ನನ್ನ ಅಪ್ಪನಿಗಿಂತ ಚಿಕ್ಕದು. ಇಲ್ಲಿ ಕೆಲವು ಕಡೆ ನೆಲದ ತುಂಬ ಸಣ್ಣ ಕಪ್ಪು ಕಾಳು ಕಲ್ಲು, ಗಾಳಿಗುಳ್ಳೆ ತುಂಬಿದ ಹಗುರ ಕಲ್ಲು. ಚಕ್ರ ಹೂತುಕೊಳ್ಳುತ್ತದೆ. ಟೈರಿನ ಗಾಳಿ ಕಮ್ಮಿ ಮಾಡಿ, ಸೀಟಿನ ಮೇಲೆ ಹಿಂದಕ್ಕೆ ಕೂತು, ಹ್ಯಾಂಡಲ್ ಬಿಗಿಹಿಡಿಯದೆ ಬಿಡಬೇಕು.

ಉತ್ತರಕ್ಕೆ ತಿರುಗಿದರೆ 1981ರ ಲಾವಾ. ಆ ವರ್ಷ ಮಾರ್ಚ್‌ನಲ್ಲಿ ಬೆಟ್ಟದ ಪಕ್ಕೆ ಬಿರಿದು, ಕೆಲವೇ ದಿನದಲ್ಲಿ ಹರಿದು ರಂದಾಜೊ ಊರಿನ ಪಕ್ಕ ಹಾದು ಅಲ್ಕಾಂತರಾ ನದಿಯ ಹತ್ತಿರ ನಿಂತಿತು. ಬೆಟ್ಟ ಸುತ್ತುವ ಚಿಕ್ಕ ರೈಲಿನ ಹಳಿಯನ್ನೂ ನುಂಗಿತು. ಅದರ ಮೇಲಿನ ತುಂಡು ಒರಟು. ಆಮೇಲೆ 1614ರಿಂದ 1624ರವರೆಗೆ ಹತ್ತು ವರ್ಷ ಹರಿದ ಲಾವಾ, ಪಾಸ್ಸೊ ದೆಯಿ ದಮ್ಮೂಜಿ ಅನ್ನುವ ಜಾಗದ ಹತ್ತಿರ. ಇದು ಬೇರೆ ಜಾತಿ. ನಿಧಾನವಾಗಿ ಹರಿದದ್ದರಿಂದ ಹಗ್ಗ ಸುತ್ತಿಟ್ಟ ಹಾಗೆ ನುಣುಪಾಗಿ ಮಡಿಕೆ ಮಡಿಕೆಯಾಗಿದೆ. ಪಕ್ಕದಲ್ಲೇ ಗ್ರೊಟ್ಟಾ ದೆಯಿ ಲಂಪೋನಿ ಅನ್ನುವ ಗುಹೆ. ಮೇಲ್ಪದರ ಗಟ್ಟಿಯಾದ ಮೇಲೂ ಒಳಗೆ ಲಾವಾ ಹರಿದು ಖಾಲಿಯಾಗಿ ಉಳಿದ ಕೊಳವೆ ಅದು. ಚಾವಣಿ ಅಲ್ಲಲ್ಲಿ ಬಿದ್ದಿದೆ, ಬೆಳಕು ಒಳಗೆ ಬರುತ್ತದೆ. ಹೆಲ್ಮೆಟ್ ತಲೆಯಲ್ಲೇ ಇರಲಿ, ಟಾರ್ಚ್ ಬೇಕು.

ಕೊನೆಯ ತುಂಡು, ದಮ್ಮೂಜಿಯಿಂದ ರಗಾಬೊಗೆ ಇಳಿಯುವುದು, ನನಗೆ ಇಷ್ಟ ಇಲ್ಲ. ಕಲ್ಲು ಹಾಸಿದ ಹಾಗಿದೆ, ಆದರೆ ಹಾಸಿದವರಿಗೆ ಸೈಕಲ್ ಮೇಲೆ ದ್ವೇಷ ಇದ್ದಿರಬೇಕು. ಕೈ ಮರಗಟ್ಟುತ್ತದೆ. ಇಲ್ಲಿ ಮಾತ್ರ ಡೌನ್‌ಟ್ಯೂಬ್ ಹೇಳಿದ ಸಸ್ಪೆನ್ಶನ್ ನೆನಪಾಗುತ್ತದೆ.

ಕರಿಮಣ್ಣು

ನಾನು ವಿಜಯಪುರದವನು, ಸೈಕಲ್ ಓದುಗ ಮಾತ್ರ. ಒಂದು ಅನುಮಾನ. ನಮ್ಮ ಎರೆ ಭೂಮಿಯೂ ಲಾವಾದಿಂದಲೇ ಆದದ್ದು ಅಂತಾರಲ್ಲ, ಬೆಳಗಾವಿಯಿಂದ ಬೀದರ್ ತನಕ? ಹಾಗಾದರೆ ನಮ್ಮಲ್ಲಿ ಯಾಕೆ ಅಂಥ ಚೂಪು ಕಲ್ಲು ಇಲ್ಲ? ಮಳೆ ಬಂದರೆ ನಮ್ಮ ಮಣ್ಣಿನಲ್ಲಿ ಸೈಕಲ್ ಚಕ್ರವೇ ತಿರುಗಲ್ಲ, ಮಡ್‌ಗಾರ್ಡ್ ಒಳಗೆ ಮಣ್ಣು ಗಟ್ಟಿ ಕೂತುಬಿಡುತ್ತದೆ.

ಲಾವಾದಾರಿ

ವಯಸ್ಸು ಕಾರಣ. ದಕ್ಖನ್ನಿನ ಲಾವಾ ಸುಮಾರು 6.6 ಕೋಟಿ ವರ್ಷ ಹಳೆಯದು. ಅಷ್ಟು ಕಾಲ ಬಿಸಿಲು, ಮಳೆ ತಿಂದು ಕಲ್ಲು ಜೇಡಿಯಾಗಿದೆ. ಆ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಎಟ್ನಾ ದಾರಿಯ ಕಲ್ಲಿಗೆ ಕೆಲವು ದಶಕ, ಜಾಸ್ತಿ ಅಂದರೆ ಕೆಲವು ಶತಮಾನ. ಜೇಡಿ ಆಗಲಿಕ್ಕೆ ಪುರುಸೊತ್ತೇ ಸಿಕ್ಕಿಲ್ಲ. ಅದಕ್ಕೇ ಅಲ್ಲಿ ಮಳೆ ಬಂದರೂ ಕೆಸರಾಗಲ್ಲ, ನೀರು ಸೀದಾ ಕೆಳಗೆ ಇಳಿದುಬಿಡುತ್ತದೆ.

ಸೈಕಲ್ ಮೇಲೆ ಹೋಗ್ತಾ ಈ ವಯಸ್ಸನ್ನು ಗಿಡ ನೋಡಿಯೇ ಹೇಳಬಹುದು. ಲಾವಾ ಬರೀ ಕಪ್ಪಾಗಿದ್ದರೆ ಹೊಸದು. ಬೂದುಬಣ್ಣದ ಹೊಳಪು ಬಂದಿದ್ದರೆ ಅದು ಕಲ್ಲುಹೂವು, ಬರಡು ಲಾವಾ ಮೇಲೆ ಮೊದಲು ಕಾಲಿಡೋದೇ ಅದು. ಆಮೇಲೆ ಬಿರುಕಿನಲ್ಲಿ ಹುಲ್ಲು, ಮುಳ್ಳಿನ ಪೊದೆ. ಆಮೇಲೆ ಜಿನೆಸ್ತ್ರಾ ಅನ್ನುವ ಗಿಡ, ಜೂನಿನಲ್ಲಿ ಹಳದಿ ಹೂ ಬಿಡುತ್ತದೆ. ಕೊನೆಗೆ ಪೈನ್, ಬರ್ಚ್, ಬೀಚ್. ಬೀಚ್ ಮರಕ್ಕೆ ಯುರೋಪಿನ ದಕ್ಷಿಣದಲ್ಲಿ ಸಿಗುವ ಕೊನೇ ಜಾಗಗಳಲ್ಲಿ ಇದೊಂದು. ಇನ್ನೊಂದು ಚೆಂದ ಏನೆಂದರೆ, ಹೊಸ ಲಾವಾ ಹರಿಯುವಾಗ ಎತ್ತರದ ದಿಬ್ಬವನ್ನು ಬಿಟ್ಟು ಎರಡೂ ಕಡೆ ಹೋಗಿರುತ್ತದೆ, ಹಾಗಾಗಿ ಕಪ್ಪು ಕಲ್ಲಿನ ನಡುವೆ ಒಂದು ತುಂಡು ಹಳೇ ಕಾಡು ದ್ವೀಪದ ಥರ ಉಳಿದಿರುತ್ತದೆ. ಊರವರು ಅದಕ್ಕೆ ದಾಗಲಾ ಅಂತಾರೆ. ನೆರಳಲ್ಲಿ ಊಟಕ್ಕೆ ಕೂರಲಿಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ಮಲ್ಪೆಕಡೆಯವ

ಅಲ್ಕಾಂತರಾ ಹೆಸರು ಬಂತಲ್ಲ. ಸೈಕಲ್ ದಿನ ಮುಗಿದ ಮೇಲೆ ಆ ನದಿಯ ಕೊರಕಲು ನೋಡಿ ಬನ್ನಿ. ಲಾವಾ ತಣಿದು ಕುಗ್ಗಿ ಕಂಬ ಕಂಬವಾಗಿ ಸೀಳಿದೆ, ಮಧ್ಯೆ ತಣ್ಣಗೆ ಕೊರೆಯುವ ನೀರು. ನಮ್ಮ ಸೇಂಟ್ ಮೇರಿಸ್ ದ್ವೀಪದ ಕಂಬಗಳು ಆದದ್ದೂ ಇದೇ ರೀತಿ. ಆದರೆ ನಮ್ಮದು ಮಡಗಾಸ್ಕರ್ ನಮ್ಮಿಂದ ಬಿಡಿಸಿಕೊಂಡ ಕಾಲದ್ದು, ಸುಮಾರು 8.8 ಕೋಟಿ ವರ್ಷ. ಕಲ್ಲೂ ಬೇರೆ, ಎಟ್ನಾದಷ್ಟು ಕಪ್ಪಿಲ್ಲ. ನಮ್ಮ ಕಡೆಯವರು ಅಲ್ಲಿಗೆ ಹೋದರೆ ಟಿಕೆಟ್ ಕೊಟ್ಟು ನೋಡ್ತಾರೆ, ಇಲ್ಲಿ ಮಾತ್ರ ಚಿಪ್ಸ್ ಕವರ್ ಬಿಸಾಕಿ ಬರ್ತಾರೆ.

ಸೀದಾಮಾತು

ಎಲ್ಲ ಸರಿ. ಆದರೆ ಅದು ಸತ್ತ ಜ್ವಾಲಾಮುಖಿ ಅಲ್ಲ. 2025ರ ಜೂನ್ 2ರಂದು ಮೇಲಿಂದ ಬಿಸಿ ಬೂದಿಯ ಮೋಡ ಉರುಳಿ ಬರುವ ವಿಡಿಯೋ, ಪ್ರವಾಸಿಗರು ಓಡ್ತಿರೋದು, ಎಲ್ಲರ ಫೋನಿಗೂ ಬಂದಿತ್ತು. ಕಾರಿಲ್ಲ ಅಂತ ಖುಷಿಪಟ್ಟು ಜ್ವಾಲಾಮುಖಿ ಹತ್ತೋದು ಯಾವ ಜಾಣತನ? ನಂಗಂತೂ ಕನಕಪುರ ರಸ್ತೆಯ ಲಾರಿಯೇ ವಾಸಿ.

ಲಾವಾದಾರಿ

ಲಾರಿಯಿಂದ ಸತ್ತ ಸೈಕಲ್‌ನವರ ಪಟ್ಟಿ ಹಾಕಿದರೆ ನಿಮ್ಮ ವಾದ ನಿಲ್ಲಲ್ಲ, ಇರಲಿ.

ಆ ದಿನ ಕುಸಿದದ್ದು ಆಗ್ನೇಯದ ಬಾಯಿ, 3,000 ಮೀಟರ್‌ಗಿಂತ ಮೇಲೆ. ನಾವು ಮಾತಾಡ್ತಿರುವ ದಾರಿ 1,400ರಿಂದ 1,900 ಮೀಟರ್, ಅದೂ ಪಶ್ಚಿಮ ಮತ್ತು ಉತ್ತರದ ಪಕ್ಕೆ. ಹಾಗಂತ ಅಪಾಯ ಇಲ್ಲ ಅನ್ನಲ್ಲ. ಎಟ್ನಾದ ತೊಂದರೆ ಏನೆಂದರೆ ಅದಕ್ಕೆ ಒಂದೇ ಬಾಯಿ ಇಲ್ಲ, ಪಕ್ಕೆಯಲ್ಲಿ ಎಲ್ಲಿ ಬೇಕಾದರೂ ಬಿರಿಯಬಹುದು. 1669ರಲ್ಲಿ ನಿಕೊಲೋಸಿ ಊರಿನ ಪಕ್ಕದಲ್ಲೇ ಬಿರಿದು ಲಾವಾ ಕತಾನಿಯಾ ನಗರದವರೆಗೆ ಬಂತು. 2002ರ ಅಕ್ಟೋಬರ್‌ನಲ್ಲಿ ಉತ್ತರದ ಪಿಯಾನೊ ಪ್ರೊವೆಂಜಾನಾ ಸ್ಕೀ ಕೇಂದ್ರ ಲಾವಾ ಕೆಳಗೆ ಹೋಯಿತು. ಆಗ ಸುಟ್ಟ ಪೈನ್ ಮರಗಳು ಬಿಳಿಚಿಕೊಂಡು ಕಪ್ಪು ಕಲ್ಲಿನ ನಡುವೆ ಇವತ್ತಿಗೂ ನಿಂತಿವೆ.

ಆದರೆ ಪಕ್ಕೆ ಬಿರಿಯುವ ಮುಂಚೆ ಸಾಮಾನ್ಯವಾಗಿ ಭೂಮಿ ನಡುಗುತ್ತದೆ. ಕತಾನಿಯಾದಲ್ಲಿರುವ ಐಎನ್‌ಜಿವಿ (ಭೂಕಂಪ, ಜ್ವಾಲಾಮುಖಿ ಗಮನಿಸುವ ಇಟಲಿಯ ಸಂಸ್ಥೆ) ವೀಕ್ಷಣಾಲಯ ಹಗಲೂ ರಾತ್ರಿ ಅದನ್ನೇ ಅಳೆಯುತ್ತಾ ಕೂತಿದೆ, ವರದಿಯನ್ನು ಎಲ್ಲರೂ ನೋಡುವ ಹಾಗೆ ಹಾಕುತ್ತದೆ. ಹೊರಡುವ ಹಿಂದಿನ ರಾತ್ರಿ, ಹೊರಡುವ ಬೆಳಿಗ್ಗೆ ನೋಡಿ. ಮೇಲಿನ ಬಾಯಿಗಳ ಹತ್ತಿರ ಗೈಡ್ ಇಲ್ಲದೆ ಹೋಗಬೇಡಿ, ಸೈಕಲ್ಲಿಗೆ ಅಲ್ಲಿ ಕೆಲಸವೂ ಇಲ್ಲ.

ಸೈಕಲ್‌ನವರಿಗೆ ಸಾಮಾನ್ಯವಾಗಿ ಆಗುವ ತೊಂದರೆ ಬೂದಿ. ಸಣ್ಣ ಕರಿ ಮರಳಿನಂತೆ ಬೀಳುತ್ತದೆ, ಟಾರು ರಸ್ತೆ ಮೇಲೆ ಬಿದ್ದರೆ ತಿರುವಿನಲ್ಲಿ ಚಕ್ರ ಜಾರುತ್ತದೆ. ಜಾಸ್ತಿ ಬಿದ್ದಾಗ ಕತಾನಿಯಾದಲ್ಲಿ ಎರಡು ಚಕ್ರದ ಗಾಡಿಗಳನ್ನೇ ನಿಷೇಧಿಸಿ, ಉಳಿದವಕ್ಕೆ ಗಂಟೆಗೆ 30 ಕಿಮೀ ಮಿತಿ ಹಾಕಿದ್ದಾರೆ. ವಿಮಾನ ನಿಲ್ದಾಣವೂ ಮುಚ್ಚುತ್ತದೆ. ಹಾಗಾಗಿ ವಾಪಸ್ ವಿಮಾನವನ್ನು ಸವಾರಿಯ ಮಾರನೇ ಬೆಳಿಗ್ಗೆಗೆ ಇಟ್ಟುಕೊಳ್ಳಬೇಡಿ.

ಡೌನ್‌ಟ್ಯೂಬ್

ಬೂದಿ ಚೈನಿಗೆ ಶತ್ರು. ಅದರಲ್ಲಿ ಗಾಜಿನ ಚೂರು ಇರುತ್ತದೆ. ಎಣ್ಣೆ ಹಚ್ಚಿದ ಚೈನು ಅದನ್ನು ಹಿಡಿದಿಟ್ಟುಕೊಂಡು ಮರಳು ಕಾಗದದ ಥರ ಗೇರಿನ ಹಲ್ಲು ತಿನ್ನುತ್ತದೆ. ಮೇಣದ ಲೂಬ್ ಹಾಕಿ. ಸಂಜೆ ಒಣ ಬ್ರಷ್‌ನಿಂದ ಉಜ್ಜಿ, ಆಮೇಲೆ ನೀರು. ಗೇರ್ ಏನಿದೆ ನಿಮ್ಮದು? ಮುಂದೆ 40 ಹಲ್ಲು, ಹಿಂದೆ 42 ಹಲ್ಲು ಇದ್ದರೆ ಸಾಕು.

ಸಂಜೆಸವಾರ

ಅಷ್ಟಿದೆ. ಟೈರ್ 45 ಹಿಡಿಸುತ್ತದೆ, ಅಳೆದು ನೋಡಿದೆ. ಯಾವ ಕಡೆಯಿಂದ ಶುರು ಮಾಡಲಿ? ನೀರು, ಊಟ ದಾರಿಯಲ್ಲಿ ಸಿಗುತ್ತದಾ? ಒಂದು ಬಾಡಿಗೆ ಅಂಗಡಿಯವರು "ಎಲ್ಲಾ ಗುಡಿಸಲಿನಲ್ಲೂ ಊಟ ಇದೆ, ಚಿಂತೆ ಬೇಡ" ಅಂದರು.

ಲಾವಾದಾರಿ

ಅದನ್ನು ನಂಬಿ ಹೋದರೆ ಉಪವಾಸ. ದಾರಿಯುದ್ದಕ್ಕೂ ಗುಡಿಸಲುಗಳಿವೆ, ಗಾಲ್ವರಿನಾ, ಪಲೆಸ್ತ್ರಾ, ಮೊಂತೆ ಸ್ಕಾವೊ, ಹೀಗೆ. ಆದರೆ ಅವು ಅರಣ್ಯದವರ ಖಾಲಿ ಗುಡಿಸಲು. ಕಲ್ಲಿನ ಗೋಡೆ, ಒಲೆ, ಬೆಂಚು. ಅಡುಗೆಯವರು ಇಲ್ಲ. ಊಟ ಸಿಗೋದು ಎರಡು ತುದಿಯಲ್ಲಿ, ಟಾರು ರಸ್ತೆ ಇರುವ ಕಡೆ ಮಾತ್ರ.

ನೀರಂತೂ ಹೊತ್ತುಕೊಂಡೇ ಹೋಗಬೇಕು. ಆಗಲೇ ಹೇಳಿದೆನಲ್ಲ, ಮಳೆನೀರು ಕಲ್ಲಿನೊಳಗೆ ಇಳಿದುಹೋಗುತ್ತದೆ ಅಂತ. ಇಷ್ಟು ದೊಡ್ಡ ಬೆಟ್ಟದಲ್ಲಿ, ಮೇಲೆ ಹಿಮ ಬೀಳುವ ಬೆಟ್ಟದಲ್ಲಿ, ನೀವು ಹೋಗುವ ಎತ್ತರದಲ್ಲಿ ಒಂದು ಹಳ್ಳ ಹರಿಯಲ್ಲ. ಬುಗ್ಗೆಗಳೆಲ್ಲ ಬೆಟ್ಟದ ಬುಡದಲ್ಲಿ, ತೋಟಗಳ ಹತ್ತಿರ. ಗುಡಿಸಲ ಪಕ್ಕದ ತೊಟ್ಟಿಯಲ್ಲಿ ನೀರು ಕಂಡರೂ ಅದು ಕುಡಿಯುವ ನೀರು ಅಂದುಕೊಳ್ಳಬೇಡಿ. ಮೂರು ಲೀಟರ್ ಇಟ್ಟುಕೊಳ್ಳಿ.

ಕಾರಿಲ್ಲದ ದಾರಿಯ ಇನ್ನೊಂದು ಮುಖ ಇದೇ. ಸುಸ್ತಾದರೆ ಲಿಫ್ಟ್ ಕೊಡಲಿಕ್ಕೆ ಯಾರೂ ಬರಲ್ಲ. ಫೋನ್ ಸಿಗ್ನಲ್ ಕೆಲವು ಕಡೆ ಇದೆ, ಕೆಲವು ಕಡೆ ಇಲ್ಲ. ತುರ್ತು ಸಂಖ್ಯೆ 112. ಮಧ್ಯದಲ್ಲಿ ಬಿಟ್ಟುಬಿಡಬೇಕು ಅನಿಸಿದರೆ ಪಶ್ಚಿಮಕ್ಕೆ, ಪಿಸ್ತಾ ಬೆಳೆಯುವ ಬ್ರೊಂತೆ ಊರಿನ ಕಡೆಗೆ ಕಾಡುದಾರಿಗಳು ಇಳಿಯುತ್ತವೆ. ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ.

ದಿಕ್ಕು: ದಕ್ಷಿಣದಿಂದ ಉತ್ತರಕ್ಕೆ. ಹತ್ತುವುದು ಕಮ್ಮಿ, ಕಾಲಲ್ಲಿ ಶಕ್ತಿ ಇರುವಾಗ ಎತ್ತರದ ಭಾಗ ಮುಗಿಯುತ್ತದೆ.

ಡೌನ್‌ಟ್ಯೂಬ್

ನಾನು ಒಪ್ಪಲ್ಲ. ಉತ್ತರದಿಂದ ಹೋಗಲಿ. ಆ ಹಾಳು ಕಲ್ಲುಹಾಸನ್ನು ಹತ್ತುವಾಗ ನಿಧಾನ ಇರುತ್ತೀರಿ, ಪೆಟ್ಟು ಕಮ್ಮಿ. ಇಳಿಯುವಾಗ, ಅದೂ ಸುಸ್ತಾದ ಮೇಲೆ, ಅಲ್ಲೇ ಎಲ್ಲರೂ ಬೀಳೋದು.

ಲಾವಾದಾರಿ

ಎಲ್ಲರೂ ಅಲ್ಲ. ಆದರೆ ಮಾತಲ್ಲಿ ಹುರುಳಿದೆ. ಸಂಜೆಸವಾರ, ಬೆಳಿಗ್ಗೆ ನಿಮ್ಮನ್ನು ಗೇಟಿಗೆ ಬಿಡುವ ಗಾಡಿ ಯಾವ ಕಡೆ ಸಿಗುತ್ತದೋ ಆ ಕಡೆಯಿಂದ ಹೋಗಿ. ಎರಡು ತುದಿಗಳ ನಡುವೆ ರಸ್ತೆಯಲ್ಲಿ ಬಹಳ ದೂರ ಇದೆ, ಅದನ್ನು ಮೊದಲು ಬಗೆಹರಿಸಿಕೊಳ್ಳಿ. ಗಾಡಿ ಸಿಗದಿದ್ದರೆ ದಕ್ಷಿಣದ ಗೇಟಿನಿಂದ ಗಾಲ್ವರಿನಾಗೆ ಹೋಗಿ, ಮುಂದೆ ಸ್ವಲ್ಪ ಲಾವಾ ನೋಡಿ, ವಾಪಸ್ ಬನ್ನಿ. ನನ್ನ ಪ್ರಕಾರ ಗ್ರಾವೆಲ್ ಸೈಕಲ್ಲಿಗೆ ಅದೇ ಒಳ್ಳೇ ತುಂಡು.

ಅಕ್ಕನಸೈಕಲ್

ನಿಮ್ಮ ಮಾತು ಕೇಳಿ ನನಗೆ ಕೈ ನೋವು ಬಂತು. ಮಕ್ಕಳ ಜೊತೆ ಹೋಗುವವರು, ಹಲ್ಲು ಉದುರಿಸಿಕೊಳ್ಳಲಿಕ್ಕೆ ಇಷ್ಟ ಇಲ್ಲದವರು ಸ್ಪೇನಿನ ಕತಲೂನ್ಯಾ ನೋಡಿ. ಓಲೊತ್ ಊರಿನಿಂದ ಜಿರೋನಾಕ್ಕೆ ಹಳೇ ರೈಲು ಹಳಿ ಕಿತ್ತು ಮಾಡಿದ ದಾರಿ ಇದೆ, ಸುಮಾರು 54 ಕಿಮೀ. ರೈಲು ಓಲೊತ್ ಮುಟ್ಟಿದ್ದು 1911ರಲ್ಲಿ, ನಿಂತದ್ದು 1969ರಲ್ಲಿ. "ಹೊರಡೋದು ಮನಸ್ಸಾದಾಗ, ತಲುಪೋದು ಸಾಧ್ಯವಾದಾಗ" ಅಂತ ಊರವರು ಆ ರೈಲನ್ನು ಆಡಿಕೊಳ್ಳುತ್ತಿದ್ದರು. ರೈಲಿನ ದಾರಿ ಆದ್ದರಿಂದ ಏರು ತುಂಬ ಮೆತ್ತಗೆ. ನೆಲಕ್ಕೆ ಗಟ್ಟಿಯಾಗಿ ಕೂರಿಸಿದ ಗ್ರಾನೈಟ್ ಮರಳು. ನಡುನಡುವೆ ಕೆಲವು ಕಡೆ ರಸ್ತೆ ದಾಟಬೇಕು, ಊರೊಳಗೆ ಹಾಯಬೇಕು, ಉಳಿದಂತೆ ಕಾರಿಲ್ಲ.

ಓಲೊತ್ ಸುತ್ತ ಸುಮಾರು 40 ಜ್ವಾಲಾಮುಖಿ ಗುಡ್ಡಗಳು, 1982ರಿಂದ ಸಂರಕ್ಷಿತ ಜಾಗ. ಎಲ್ಲ ಹಸಿರು ಹೊದ್ದುಕೊಂಡಿವೆ, ಸಾಂತಾ ಮಾರ್ಗರಿದಾ ಗುಡ್ಡದ ಬಾಯೊಳಗೆ ಹುಲ್ಲುಗಾವಲು, ಅದರ ಮಧ್ಯೆ ಒಂದು ಪುಟ್ಟ ಇಗರ್ಜಿ. ಪಕ್ಕದ ಕ್ರೊಸ್ಕಾತ್ ಗುಡ್ಡವನ್ನು ಹಿಂದೆ ಕಲ್ಲಿಗಾಗಿ ಅಗೆದಿದ್ದರು, ಆ ಕಡಿತದಲ್ಲಿ ಕೆಂಪು, ಕಪ್ಪು ಪದರಗಳು ಹಾಗೇ ಕಾಣುತ್ತವೆ. ಮಕ್ಕಳಿಗೆ ಪುಸ್ತಕ ಬೇಡ, ಅಲ್ಲೇ ಪಾಠ. ಆದರೆ ಗುಡ್ಡಗಳ ಹತ್ತಿರ ಹೋಗಲಿಕ್ಕೆ ಹಳೇ ರೈಲುದಾರಿ ಬಿಟ್ಟು ಬೇರೆ ದಾರಿ ಹಿಡಿಯಬೇಕು, ಅಲ್ಲಿ ಸ್ವಲ್ಪ ಹತ್ತಬೇಕು, ಬಾಯಿಯೊಳಗೆ ನಡೆದೇ ಇಳಿಯಬೇಕು.

ಸೀದಾಮಾತು

ಇದು ಸರಿ. ಸತ್ತ ಜ್ವಾಲಾಮುಖಿ, ಮೆತ್ತಗಿನ ದಾರಿ, ತಿನ್ನಲಿಕ್ಕೂ ಸಿಗುತ್ತದೆ.

ಅಕ್ಕನಸೈಕಲ್

ಸತ್ತಿಲ್ಲ ಸ್ವಾಮಿ, ಮಲಗಿದೆ. ಕೊನೇ ಸ್ಫೋಟಕ್ಕೆ ಹತ್ತು ಸಾವಿರ ವರ್ಷ ಮೀರಿದೆ ಅಷ್ಟೇ. ತಿನ್ನೋದು ಮಾತ್ರ ನಿಜ, ಸಾಂತಾ ಪಾವು ಊರಿನ ಸಣ್ಣ ಬಿಳಿ ಬೀನ್ಸ್ ಆ ಲಾವಾ ಮಣ್ಣಿನಲ್ಲೇ ಬೆಳೆಯೋದು. ನಮ್ಮ ಅವರೆಕಾಳು ಸಾರಿನ ನೆನಪಾಗಿ ಎರಡು ಸಲ ಬಡಿಸಿಕೊಂಡೆ.

ಕರಿಮಣ್ಣು

ನಮ್ಮಲ್ಲಿ ಹೀಗೆ ಗೇಟು ಹಾಕಿ ಸೈಕಲ್ಲಿಗೆ ಸಂದಿ ಬಿಟ್ಟ ಕಾಡುದಾರಿ ಇದೆಯಾ?

ಡೌನ್‌ಟ್ಯೂಬ್

ಗೇಟು ಬೇಕಾದಷ್ಟಿದೆ, ಸಂದಿ ಇಲ್ಲ. ನಮ್ಮ ಕಾಡಿನಲ್ಲಿ ಆನೆ, ಹುಲಿ ಇವೆ, ಅವರು ಬಿಡದಿರಲಿಕ್ಕೆ ಕಾರಣವೂ ಇದೆ. ಹೊಲದ ನಡುವಿನ ಬಂಡಿದಾರಿ, ಕಾಲುವೆ ಏರಿ, ಇವೇ ನಮ್ಮ ಗ್ರಾವೆಲ್. ನಿಮ್ಮ ವಿಜಯಪುರದ ಕಡೆ ಬೇಸಿಗೆ ಶುರುವಾಗೋ ಮುಂಚೆ, ನೆಲ ಒಣಗಿದ ಮೇಲೆ, ಆಲಮಟ್ಟಿ ಕಾಲುವೆಗಳ ಏರಿ ಮೇಲೆ ಓಡಿಸಿ ನೋಡಿ. ಅದೂ ಲಾವಾ ನಾಡೇ.

ಸಂಜೆಸವಾರ

ತೀರ್ಮಾನ ಆಯ್ತು. ದಕ್ಷಿಣದ ಗೇಟು, ಗಾಲ್ವರಿನಾ, 1974ರ ಗುಡ್ಡಗಳು ಕಾಣುವವರೆಗೆ, ವಾಪಸ್. ಮಾರನೇ ದಿನ ಗಾಡಿ ಸಿಕ್ಕರೆ ಉತ್ತರದಿಂದ ಗುಹೆಯವರೆಗೆ. 45ರ ಟೈರು, ಮೂರು ಲೀಟರ್ ನೀರು. ಸೆಪ್ಟೆಂಬರ್ ಕೊನೆಗೆ ಜಾಕೆಟ್ ಬೇಕಾ?

ಲಾವಾದಾರಿ

ಬೇಕು. ಕೆಳಗೆ ಕತಾನಿಯಾದಲ್ಲಿ ಬೆವರುತ್ತಾ ಹೊರಡ್ತೀರಿ, ಮೇಲೆ ಹತ್ತು ಹನ್ನೆರಡು ಡಿಗ್ರಿ ಕಮ್ಮಿ ಇರುತ್ತದೆ. ಮಧ್ಯಾಹ್ನದ ಮೇಲೆ ಮೋಡ ಬಂದು ಕೂತರೆ ಬಯಲು ಲಾವಾದಲ್ಲಿ ಹತ್ತು ಮಾರು ಆಚೆ ಕಾಣಲ್ಲ. ಬೇಗ ಹೊರಡಿ. ಕುರಿಮಂದೆ ಸಿಕ್ಕರೆ ಸೈಕಲ್ ಇಳಿದು, ಸೈಕಲ್ಲನ್ನು ಮಂದೆಯ ಕಾವಲು ನಾಯಿಗೂ ನಿಮಗೂ ಮಧ್ಯೆ ಇಟ್ಟುಕೊಂಡು ನಡೆಯಿರಿ. ಕುರಿಯವನು ನಾಯಿಯನ್ನು ಕೂಗಿ ಕರೆಯುವ ತನಕ ಓಡಬೇಡಿ.